ಅಜ್ಜಿಯ ರೇಡಿಯೊದ ಸ್ಪೀಕರು

ಓಗುಟು ಅಣ್ಣಾ,

ಕಿಬುಯೆ ಸಂತೆಗೆ ಹೊರಟೆ. ನೀನು ತಂದ, ಜನ ಸಾಗಿಸುವ ಮಟಾಟು ವ್ಯಾನಿನ ಸ್ಪೀಕರನ್ನೂ ಹೊತ್ತೊಯ್ಯುತ್ತಿದ್ದೇನೆ, ವಾಪಸು ಕೊಡಲು. ಬೈಯಬೇಡ. "ಅಯಸ್ಕಾಂತ ಎಷ್ಟು ಭಾರ ಇದೆ ನೋಡೇ, ಊರೇ ಅದುರುತ್ತೆ" ಅಂದೆಯಲ್ಲ? ನಾವು ಮಾಡಿದ ವಾಲ್ವ್ ಆಂಪ್ಲಿಫೈಯರಿಗಿರುವುದು ಎರಡೇ ವ್ಯಾಟು. ಆ ಸ್ಪೀಕರಿನ ಬಾಯಿಗಿರುವ ದಪ್ಪ ಕಾಗದವನ್ನು ಅಲುಗಿಸುವಷ್ಟರಲ್ಲೇ ಅದಕ್ಕೆ ಸುಸ್ತು. ನಿನ್ನ ಗಿಟಾರು ಕಂಬಳಿಯೊಳಗಿಂದ ಗೊಣಗಿದ ಹಾಗಿತ್ತು.

ನೀನು ಸ್ನಾನಕ್ಕೆ ಸರೋವರಕ್ಕೆ ಹೋದಾಗ ಅಜ್ಜಿಯ ಕೆಟ್ಟ ರೇಡಿಯೊದ ಸ್ಪೀಕರಿಗೆ ನಮ್ಮ ಆಂಪ್ಲಿಫೈಯರಿನ ವೈರು ಮುಟ್ಟಿಸಿ ನೋಡಿದೆ. ಒಣಗಿದ ಎಲೆಯಷ್ಟು ತೆಳುವಾದ ಕಾಗದ ಅದು. ಒಂದೇ ತಂತಿ ಮೀಟಿದ್ದಕ್ಕೆ ಅಂಗಳದ ಕೋಳಿಗಳೆಲ್ಲ ಬೇಲಿ ಹಾರಿದವು! ಅಜ್ಜಿಯ ಕತೆಯ ಪುಟ್ಟ ಮೊಲ ಮಲಗಿದ್ದ ಆನೆಯನ್ನು ಎಬ್ಬಿಸಿದ್ದೂ ಹೀಗೇ ಇರಬೇಕು.

ಆದರೆ ಅದನ್ನು ಬಿಚ್ಚಬೇಡ. ಅಜ್ಜಿಯನ್ನು ಇನ್ನೂ ಕೇಳಿಲ್ಲ, ಅಷ್ಟು ಸದ್ದಿಗೂ ಅವಳಿಗೆ ಎಚ್ಚರವಾಗಲಿಲ್ಲ. ಅಜ್ಜ ತಂದ ರೇಡಿಯೊ. ಅದಕ್ಕೆ ಉಸಿರಿಲ್ಲದಿದ್ದರೂ ಅಜ್ಜಿ ದಿನಾ ಸೆರಗಿನಲ್ಲಿ ಒರೆಸುತ್ತಾಳೆ. ಇವತ್ತು ನಾಲ್ಕಕ್ಕೆ ಮದುವೆಯಲ್ಲಿ ನುಡಿಸಬೇಕು, ಗೊತ್ತು. ನನಗೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಸಂತೆಯಲ್ಲಿ ತೆಳು ಕಾಗದದ್ದು ಸಿಕ್ಕರೆ ತರುತ್ತೇನೆ, ಸಿಗುವ ನಂಬಿಕೆಯಿಲ್ಲ.

ಗಂಜಿ ಮುಚ್ಚಿಟ್ಟಿದೆ. ಸ್ಪೀಕರಿಲ್ಲದೆ ಆಂಪ್ಲಿಫೈಯರ್ ಹಾಕಿಬಿಟ್ಟೀಯ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ.

ಅಜ್ಜಿ ಎದ್ದ ಮೇಲೆ ನೀನೇ ಕೇಳು. ನಾನು ಕೇಳಿದರೆ ಅವಳು ಇಲ್ಲ ಅನ್ನಲಾರಳು, ಅದಕ್ಕೇ ನಾನು ಕೇಳಲಾರೆ. ನಿನ್ನ ಹತ್ತಿರವಾದರೆ ಮನಸ್ಸಿನಲ್ಲಿದ್ದುದನ್ನೇ ಹೇಳುತ್ತಾಳೆ. ಬೇಡ ಅಂದರೆ ಎರಡನೆಯ ಸಲ ಕೇಳಬೇಡ. ನುಡಿಸಲಾಗುವುದಿಲ್ಲ ಅಂತ ಮದುವೆಯ ಮನೆಗೆ ನಾನೇ ಹೋಗಿ ಹೇಳಿಬರುತ್ತೇನೆ.

ಅವೂರ್