ಕೆಂಪು ಬೋಲ್ಟ್

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಗ್ಯಾರೇಜಲ್ಲಿ ಹಳೇ ಗ್ಯಾಸ್ಕೆಟ್ ಕೆರೆದದ್ದೇ ಕೆರೆದದ್ದು. ಉಗುರೆಲ್ಲ ಕಪ್ಪು. ಮಧ್ಯಾಹ್ನ ಮಿಡತೆ ತನ್ನ ಹಳದಿ ಕಾರು ತಂದಳು. ಅಣ್ಣನ ಮಗಳು. ಒಂದು ಕಡೆ ಕೂತವಳಲ್ಲ, ಅದಕ್ಕೇ ಆ ಹೆಸರು — ಇಟ್ಟವನು ನಾನೇ. ಭಾನುವಾರ ರೇಸ್. ಇಂಜಿನ್ನಿಗೆ ಟರ್ಬೋ ಊದೋ ಗಾಳಿ ಜಾಸ್ತಿ ಮಾಡ್ತಾಳಂತೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬೇಕು. ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ದೊಡ್ಡದು ಹಾಕೋಣ ಅಂದಳು.

"ಯಾಕೆ? ರೆಗ್ಯುಲೇಟರ್ ತಿರುಪು ಬಿಗಿ ಮಾಡಿದ್ರಾಯ್ತು. ಒತ್ತಡ ಎರಡರಷ್ಟು, ಪೆಟ್ರೋಲೂ ಎರಡರಷ್ಟು."

"ಬರಲ್ಲ ಚಿಕ್ಕಪ್ಪ. ಒಂದೂವರೆಯಷ್ಟೂ ಬರಲ್ಲ."

"ನನಗೇ ಹೇಳ್ಕೊಡ್ತೀಯಾ?"

ಇಂಜೆಕ್ಟರ್ ಬಿಚ್ಚಿ, ಗಾಜಿನ ಜಾಡಿಗೆ ಹೊಡೆಸಿ ಅಳೆದೆವು. ಒಂದೂವರೆಗೂ ಕಮ್ಮಿ! ಮಿಡತೆ ಹುಬ್ಬು ಕುಣಿಸಿದಳು. ಊಟಕ್ಕೆ ಕೂತಾಗ ಅತ್ತಿಗೆಗೆ ಹೇಳಿದೆ — ನನಗೆ ಮೊದಲೇ ಗೊತ್ತಿತ್ತು, ನಿಮ್ಮ ಮಗಳಿಗೆ ಗೊತ್ತಾ ಅಂತ ಪರೀಕ್ಷೆ ಮಾಡಿದೆ. "ಪಾಸಾದಳಾ, ಇಲ್ಲ ಮೇಷ್ಟ್ರೇ ಫೇಲಾ?" ಅಂದರು.

ಮಾರ್ಚ್ 6, ಗುರುವಾರ

ಕೊನೆಗೆ ರಾಜಿ. ಹಳೇ ಇಂಜೆಕ್ಟರೇ ಇರಲಿ, ಪೆಟ್ರೋಲಿನ ಒತ್ತಡ ಮೂರು ಬಾರ್‌ನಿಂದ ನಾಲ್ಕು ಬಾರ್‌ಗೆ. ಈ ರೇಸಿಗೆ ಸಾಕಂತೆ, ಮಿಡತೆಯ ಲೆಕ್ಕ.

ಇಂಜಿನ್ನಿಂದ ರೆಗ್ಯುಲೇಟರಿಗೆ ಒಂದು ಸಣ್ಣ ರಬ್ಬರ್ ಪೈಪ್ ಬರುತ್ತೆ. ಚಾಡಿಕೋರ ಅಂತೀನಿ ಅದಕ್ಕೆ. ಟರ್ಬೋ ಎಷ್ಟು ಊದ್ತಿದೆ ಅಂತ ರೆಗ್ಯುಲೇಟರಿನ ಕಿವಿಗೆ ಹಾಕೋದೇ ಅದರ ಕೆಲಸ. ಗಾಳಿ ಏರಿದಷ್ಟೂ ಪೆಟ್ರೋಲಿನ ಒತ್ತಡವೂ ಏರುತ್ತೆ. ಒತ್ತಡ ಸೆಟ್ ಮಾಡುವಾಗ ಮಾತ್ರ ಚಾಡಿಕೋರನನ್ನು ರೆಗ್ಯುಲೇಟರಿಂದ ಕಿತ್ತು, ಅವನ ಬಾಯಿಗೆ ಬೋಲ್ಟ್ ತುರುಕಬೇಕು. ನನ್ನ ಬೋಲ್ಟಿಗೆ ಕೆಂಪು ಬಣ್ಣ. ಕೆಲಸ ಇಲ್ಲದಾಗ ಅದರ ಜಾಗ ನನ್ನ ಕಿವಿ ಹಿಂದೆ.

ಸೆಟ್ ಮಾಡಿ ಮುಗಿಸೋ ಹೊತ್ತಿಗೆ ಪಕ್ಕದ ಟೈರ್ ಅಂಗಡಿಯವನು ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. "ಯಾರ ಕೈಕೆಲಸ ಇದು?"

"ನಂದು! ಇನ್ಯಾರದ್ದು?" ಅಂದವನೇ ಬಾನೆಟ್ಟನ್ನು ಒಂದೇ ಕೈಯಲ್ಲಿ ಧಡ್ ಅಂತ ಮುಚ್ಚಿದೆ. ಬೀದಿಯಲ್ಲಿ ಒಂದು ಸುತ್ತು ಹೊಡೆದೆ. ಬೆಣ್ಣೆ!

ಪೆಟ್ರೋಲ್ ಕಮ್ಮಿ ಬಿದ್ರೆ ತೋರಿಸೋ ಮೀಟರ್ ಕೆಟ್ಟಿದೆ, ಹೊಸದು ಹಾಕೋಣ ಅಂದಳು ಮಿಡತೆ. ನನ್ನ ಕಿವಿ ಇರುವಾಗ ಮೀಟರ್ ಯಾಕೆ ಅಂದೆ.

ಮಾರ್ಚ್ 9, ಭಾನುವಾರ, ಬೆಳಗ್ಗೆ

ಮಿಡತೆ ನಿನ್ನೆಯೇ ಕಾರಿನ ಜೊತೆ ಹೊರಟಳು. ಇವತ್ತು ಇನ್ನೊಬ್ಬರ ಕಾರು ಸೆಟ್ ಮಾಡೋದಿತ್ತು. ಕಿವಿ ಹಿಂದೆ ಕೈ ಹಾಕಿದೆ.

ಬೋಲ್ಟ್ ಇಲ್ಲ.

ಜೇಬು ನೋಡಿದೆ. ಸ್ಪ್ಯಾನರ್ ಪೆಟ್ಟಿಗೆ ಬೋರಲು ಹಾಕಿದೆ. ಬೆಂಚಿನ ಕೆಳಗೆ ತೆವಳಿದೆ. ಇಲ್ಲ. ಚಾಡಿಕೋರನನ್ನು ವಾಪಸ್ ಸಿಕ್ಕಿಸಿದೆನಾ? ನೆನಪಿಲ್ಲ. ಬಾನೆಟ್ ಮುಚ್ಚಿದ್ದು ಮಾತ್ರ ಚೆನ್ನಾಗಿ ನೆನಪಿದೆ...

ಬೀದಿಯಲ್ಲಿ ಏನೂ ಗೊತ್ತಾಗಲ್ಲ. ಟರ್ಬೋ ಪೂರ್ತಿ ಊದಿದಾಗ ಆ ಗಾಳಿ ಇಂಜೆಕ್ಟರಿನ ಬಾಯಿಗೇ ಎದುರಾಗಿ ನಿಲ್ಲುತ್ತೆ. ರೆಗ್ಯುಲೇಟರಿಗೆ ಸುದ್ದಿ ಮುಟ್ಟದೆ, ಪೆಟ್ರೋಲ್ ಹೆಚ್ಚಬೇಕಾದ ಹೊತ್ತಲ್ಲಿ ಇಳಿಯುತ್ತೆ. ಇಂಜಿನ್ ಕೆಂಡ. ಪಿಸ್ಟನ್ ಕರಗಿ ತೂತು. ಎಣ್ಣೆ ಚಕ್ರದ ಕೆಳಗೆ. ಅದೂ ಪೂರ್ತಿ ವೇಗದಲ್ಲಿ —

ಫೋನ್ ಮಾಡಿದೆ. ಸ್ವಿಚ್ ಆಫ್. ರೇಸಿನ ದಿನ ಅವಳು ಯಾವತ್ತೂ ಹಾಗೇ.

"ಏನು, ಇಷ್ಟು ಬೆವರು?" ಅತ್ತಿಗೆ ಕೇಳಿದರು.

"ಸೆಕೆ." ತಲೆ ಮೇಲೆ ಫ್ಯಾನ್ ತಿರುಗ್ತಿತ್ತು.

ಬಸ್ಸಲ್ಲಿ

ಟ್ರ್ಯಾಕಿಗೆ ಹೊರಟಿದ್ದೇನೆ. ಬೆಳಗಿನ ಸುತ್ತುಗಳಲ್ಲಿ ಮಿಡತೆ ಟರ್ಬೋ ಗಾಳಿ ಕಮ್ಮಿ ಇಡ್ತಾಳೆ. ಪೂರ್ತಿ ಬಿಡೋದು ರೇಸಲ್ಲೇ. ಹನ್ನೊಂದಕ್ಕೆ. ಡ್ರೈವರ್ ಟೀ ಕುಡಿಯೋಕೆ ಇಳಿದಿದ್ದಾನೆ. ಕುಡಿಯಪ್ಪ ಬೇಗ.

ಟ್ರ್ಯಾಕ್, ಹನ್ನೊಂದು ದಾಟಿದೆ

ರೇಸ್ ಶುರುವಾಗಿಬಿಟ್ಟಿತ್ತು. ಬೇಲಿ ಹತ್ತಿರ ರೇಡಿಯೋ ಹಿಡಿದ ಟೋಪಿಯವನೊಬ್ಬ. ಅವನ ತೋಳು ಹಿಡಿದೆ.

"ಆ ಹಳದಿ ಕಾರು ಒಳಗೆ ಕರೀರಿ ಸ್ವಾಮಿ!"

"ಎರಡನೇ ಸ್ಥಾನದಲ್ಲಿದ್ದಾಳೆ, ಕರೆಯೋದಾ? ಒಳಗೆ ಬಂದ್ರೆ ಇವತ್ತಿನ ರೇಸ್ ಹೋಯ್ತು. ನೀವು ಯಾರು?"

ಬೇರೆ ದಿನ ಆಗಿದ್ರೆ, ನನ್ನನ್ನೇ ಗೊತ್ತಿಲ್ವಾ ಅಂತಿದ್ದೆ.

"ಪೈಪಲ್ಲಿ ಬೋಲ್ಟ್ ಉಳಿದಿರಬೇಕು."

"ಇರಬೇಕಾ? ಇದೆಯಾ?"

ಬೋಲ್ಟ್ ಚರಂಡಿಗೆ ಬಿದ್ದಿದ್ರೆ? ವರ್ಷವೆಲ್ಲ ಕಾದ ರೇಸನ್ನು ನಾನೇ ಕಿತ್ತುಕೊಂಡ ಹಾಗೆ. ಮಿಡತೆ ಜನ್ಮದಲ್ಲಿ ಚಿಕ್ಕಪ್ಪ ಅನ್ನಲ್ಲ. ಅಷ್ಟರಲ್ಲಿ ಹಳದಿ ಕಾರು ನೇರ ದಾರಿಗೆ ಬಂತು. ಸದ್ದು ಕೇಳಿದೆ. ಮೇಲೆ ಮೇಲೆ ಹೋಗ್ತಾ ಒಣಗಿದ ಹಾಗೆ... ಒಳಗೆ ಯಾರೋ ಜಲ್ಲಿಕಲ್ಲು ಅಲ್ಲಾಡಿಸಿದ ಹಾಗೆ.

"ಇದೆ," ಅಂದೆ. "ಕರೀರಿ. ಸಾಯ್ತಾಳೆ ಕಣ್ರೀ, ಕರೀರಿ!"

ರೇಡಿಯೋದಲ್ಲಿ ಅದೇನೋ ಅಂದ. ಬಾವುಟ ಬೀಸಿದರು. ಅವಳಿಗೆ ಕಾಣಲಿಲ್ಲವೋ, ಕಂಡೂ ಬಿಟ್ಟಳೋ — ಮತ್ತೆ ಸದ್ದು ಏರಿತು. ಕಾಲೆತ್ತು ಮಗಳೇ, ಕಾಲೆತ್ತು ಅಂತ ಬೇಲಿ ಹಿಡಿದು ಕಿರುಚಿದೆ.

ಸದ್ದು ಇಳಿಯಿತು.

ಈಗ ಬೇಲಿ ಬುಡದಲ್ಲಿ ಕೂತಿದ್ದೇನೆ. ಆ ಕಡೆ, ಒಳಗೆ ಬಂದ ಕಾರು ನಿಂತಿದೆ. ಮಿಡತೆ ಹೆಲ್ಮೆಟ್ ಬಿಸಾಕಿ, ತಾನೇ ಬಾನೆಟ್ ಎತ್ತಿದಳು. ತುಂಬ ಹೊತ್ತು ಬಗ್ಗಿಯೇ ಇದ್ದಳು. ಎದ್ದು ಕೈ ಮೇಲೆ ಹಿಡಿದಿದ್ದಾಳೆ. ಬೆರಳ ನಡುವೆ ಕೆಂಪಗೆ. ಸುತ್ತ ಜನ. ಯಾರದ್ರೀ ಇದು, ಯಾರದು ಅಂತ ಕೇಳ್ತಿದ್ದಾರೆ. ಅವಳು ನನ್ನ ಕಡೆಯೇ ನೋಡ್ತಿದ್ದಾಳೆ.

ಎದ್ದು ಹೋಗಿ ನಂದು ಅನ್ನಬೇಕು. ಈ ಸಾಲು ಬರೆದು ಮುಗಿಸಿ ಹೋಗ್ತೀ—