ಪ್ರಭಾರ ಮುಖ್ಯಸ್ಥನ ಬಾಗಿಲು

ಮಣಿಕೊಂಡ, ಹೈದರಾಬಾದ್
ಶನಿವಾರ, ೧೪ ಜೂನ್ ೨೦೨೫, ಸಂಜೆ

ಪ್ರೀತಿಯ ರಶ್ಮೀ,

ನೀನು ಆರಾಮಾಗಿದ್ದೀ ಎಂದು ಮಗಳ ಬಾಯಿಂದ ತಿಳಿಯಿತು. ನಿನ್ನ ಬಾಯಿಂದಲೇ ಕೇಳುವ ಯೋಗ ಮಾತ್ರ ಈ ವಾರ ನನಗೆ ಬರಲಿಲ್ಲ. ಮಾವನವರ ಕಾಲು ಹೇಗಿದೆ? ರಾತ್ರಿ ನಿದ್ದೆ ಮಾಡುತ್ತಾರೆಯೇ? ಪ್ಲಾಸ್ಟರ್ ಒಳಗೆ ತುರಿಸುತ್ತದೆ ಎಂದು ಕಡ್ಡಿ ಹಾಕಿ ಕೆರೆದುಕೊಳ್ಳಲು ಬಿಡಬೇಡ. ಅವರ ಬಚ್ಚಲಿಗೆ ಟೈಲ್ಸ್ ಹಾಕಿದವನ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿತ್ತು, ಅಷ್ಟು ನುಣ್ಣಗಿರುವುದನ್ನು ಬಚ್ಚಲಿಗೆ ಯಾರಾದರೂ ಹಾಕುತ್ತಾರೆಯೇ? ಅತ್ತೆಯವರ ಮಂಡಿನೋವಿಗೆ ಎಣ್ಣೆ ತರಿಸಿ ಇಟ್ಟಿದ್ದೇನೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಸೌಂದರ್ಯಾಳ ಶಾಲೆ ಶುರುವಾಗಿದೆ. ಕಾರಹುಣ್ಣಿಮೆಗೆ ಅಂಗಡಿಯಿಂದ ಹೋಳಿಗೆ ತಂದೆ, ಆದರೆ ಒಳಗಿನ ಹೂರಣ ಕಡಲೆಬೇಳೆಯದೋ ಬಟಾಣಿಯದೋ ಎಂಬುದು ಕೊನೆಯ ತುತ್ತಿನವರೆಗೂ ಬಗೆಹರಿಯಲಿಲ್ಲ. ನೀನಿದ್ದಿದ್ದರೆ "ನಿಮಗ ಹೋಳಿಗಿ ಮ್ಯಾಲೂ ಸಂಶೇನ ಏನ್ರೀ?" ಎಂದು ತಟ್ಟೆಗೆ ಇನ್ನೊಂದು ಬಡಿಸುತ್ತಿದ್ದೆ.

ಈ ಕಾಲದಲ್ಲಿ ಕಾಗದವೇ ಎಂದು ನಗಬೇಡ. ಸೋಮವಾರ ಸಂಜೆ ಮಾತಾಡಿದ್ದೇ ಕೊನೆ, ಆಮೇಲೆ ನಾನು ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಿಲ್ಲ. ಮಗಳು ಮಾಡಿದರೆ ಮೊದಲನೇ ರಿಂಗಿಗೇ ಎತ್ತುತ್ತೀ. ನಿನ್ನ ತವರು ಸೇಡಂನ ಸಿಗ್ನಲ್ಲು ಅವಳ ಫೋನಿಗೆ ಸಿಗುತ್ತದೆ, ನನ್ನದಕ್ಕೆ ಸಿಗುವುದಿಲ್ಲ ಎಂದರೆ ಇದರಲ್ಲಿ ಏನೋ ಇದೆ. ನನಗೆ ಅನುಮಾನ ಇರುವುದು ಹಾಜರಾತಿಗೆಂದು ವಿಶ್ವವಿದ್ಯಾಲಯದವರು ನಮ್ಮೆಲ್ಲರ ಫೋನಿಗೂ ಹಾಕಿಸಿದ ಆ ಆ್ಯಪ್ ಮೇಲೆ. ಮುಖ ನೋಡಿ ಹಾಜರಿ ಹಾಕುವ ಯಂತ್ರಕ್ಕೆ ಮಾತು ಕೇಳಿಸಿಕೊಳ್ಳುವುದು ಯಾವ ಮಹಾ ಕೆಲಸ? ಈಗ ಹೇಳಬೇಕಾದ ವಿಷಯ ಅಂಥ ಫೋನಿನಲ್ಲಿ ಹೇಳುವಂಥದ್ದಲ್ಲ. ಪುಣ್ಯಕ್ಕೆ ನಿನ್ನ ಚಿಕ್ಕಪ್ಪನ ಮಗ ಗುರುಬಸವ ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಿದ್ದಾನೆ, ಇವತ್ತಿನ ರೈಲಿಗೆ ಊರಿಗೆ ಹೊರಟಿದ್ದಾನೆ. ನಮ್ಮ ಸೋಫಾದಲ್ಲಿ ಕೂತು ಚಹಾ ಕುಡಿಯುತ್ತಿದ್ದಾನೆ. ಲಕೋಟೆಗೆ ಗೋಂದು ಹಚ್ಚಿಯೇ ಕೊಡುತ್ತೇನೆ. ಅವನ ಮೇಲೆ ಅನುಮಾನ ಎಂದಲ್ಲ, ಸುಮ್ಮನೆ.

ಸೋಮವಾರದ ಸಂಗತಿ ನಿನಗೆ ಗೊತ್ತು, ಆದರೂ ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ಇದರ ಹಿಂದೆ ಒಂದು ಸಂಚಿದೆ. ನಮ್ಮ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥ ಗೋಪಿನಾಥ ಸಾರ್ ರಜೆ ಹಾಕಿದ್ದನ್ನು ಈವರೆಗೆ ಯಾರಾದರೂ ನೋಡಿದ್ದಾರೆಯೇ? ಮಗಳ ಮದುವೆಯ ದಿನ ಅಕ್ಷತೆಯ ಕೈಯಲ್ಲೇ ಬಂದು ಫೈಲಿಗೆ ಸಹಿ ಹಾಕಿದ ಮನುಷ್ಯ. ಅಂಥವರು ದಿಢೀರನೆ ಅನಾರೋಗ್ಯದ ರಜೆ ಹಾಕಿದರು, ಅವರು ಬರುವ ತನಕ ನಾನೇ ಪ್ರಭಾರ ಮುಖ್ಯಸ್ಥ ಎಂದು ಹತ್ತು ಗಂಟೆಯ ಒಳಗೆ ಆದೇಶ ಬಂತು. ಕೈ ಕುಲುಕಿದ್ದೇ ಕುಲುಕಿದ್ದು ಎಲ್ಲರೂ. ಸೇವಾ ಹಿರಿತನದಲ್ಲಿ ನನ್ನ ಬೆನ್ನಿಗೇ ಇರುವ ನಮ್ಮ ಪ್ರಾಣೇಶ, ಇಷ್ಟು ವರ್ಷ "ಮಹೇಶಣ್ಣಾ" ಎಂದು ಹೆಗಲ ಮೇಲೆ ಕೈ ಹಾಕುತ್ತಿದ್ದವನು, ಅವತ್ತು ಎದ್ದು ನಿಂತು "ಇನ್ನ ಎಲ್ಲಾ ನಿಮ್ಮ ಕೈಯಾಗ ಐತ್ರಿ ಸರ್" ಎಂದ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಸುಳ್ಳೇಕೆ ಹೇಳಲಿ, ಆ ಕುರ್ಚಿಯಲ್ಲಿ ಕೂತಾಗ ನನಗೂ ಸ್ವಲ್ಪ ಹಿಗ್ಗಾಗಿತ್ತು. ಸಂಜೆ ಫೋನಿನಲ್ಲಿ ನೀನು "ಹಂಗಾದ್ರ ನನ್ನ ಮುಂದಿನ ವರ್ಷದ ಗುತ್ತಿಗಿ ಸಹಿ ಈ ಸಲ ನೀವ ಮಾಡೋರೇನು?" ಎಂದಾಗ "ಹೌದ್ರಿ ಮೇಡಂ, ಅರ್ಜಿ ತಗೊಂಡು ಬಂದು ಬಾಗಲದಾಗ ನಿಂದರ್ರಿ, ಪುರಸೊತ್ತಾದ್ರ ಕರೀತೀನಿ" ಎಂದೆನಲ್ಲ, ನನ್ನ ನಗುವಿಗೆ ಸೌಂದರ್ಯಾ ಒಳಗಿನಿಂದ ಓಡಿ ಬಂದಳು. ಅಷ್ಟರಲ್ಲಿ ನಿನ್ನ ಫೋನು ಕಟ್ಟಾಯಿತು. ನೋಡು, ಸಿಗ್ನಲ್ಲು ಕೆಟ್ಟದ್ದು ಆಗಿನಿಂದಲೇ.

ಮರುದಿನದಿಂದ ಹಿಗ್ಗೆಲ್ಲ ಇಳಿಯಿತು. ಮುಖ್ಯಸ್ಥರ ಇಮೇಲ್ ಪೆಟ್ಟಿಗೆ ತೆರೆದರೆ ಸುತ್ತೋಲೆಗಳ ಸಂತೆ. ಪ್ರಯೋಗಾಲಯದ ಸಾಮಾನಿನ ವಿವರ ಇಂದು ಸಂಜೆ ಐದರೊಳಗೆ. ಪ್ರಶ್ನೆಪತ್ರಿಕೆ ತೆಗೆಯುವವರ ಹೆಸರು ಇಂದೇ ಐದರೊಳಗೆ. ಉತ್ತರ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಸುತ್ತೋಲೆ ರದ್ದಾಗಿದೆ, ಹೊಸ ನಮೂನೆಯಲ್ಲಿ ಕಳಿಸಿ ಎಂದು ಮತ್ತೊಂದು. ಯಾವ ಯಾವ ಸುತ್ತೋಲೆಗೆ ಉತ್ತರ ಕೊಟ್ಟಿಲ್ಲ ತಿಳಿಸಿ ಎಂದು ಕೇಳುವುದಕ್ಕೂ ಒಂದು ಸುತ್ತೋಲೆ ಇದೆ ಕಣೇ! ಇವು ಬರುವ ಹೊತ್ತನ್ನೂ ಗಮನಿಸಿದ್ದೇನೆ, ಸರಿಯಾಗಿ ನಾವು ಊಟದ ಡಬ್ಬಿ ಬಿಚ್ಚುವಾಗಲೇ. ಅವುಗಳ ನಡುವೆ ಬುಧವಾರ, ಹುಣ್ಣಿಮೆಯ ದಿನ, ಪ್ರತಿ ಜೂನಿನಲ್ಲಿ ಬರುವ ಆ ಸುತ್ತೋಲೆಯೂ ಬಂತು. ಮುಂದಿನ ವರ್ಷಕ್ಕೆ ಮುಂದುವರಿಸಬೇಕಾದ ಗುತ್ತಿಗೆ ಉಪನ್ಯಾಸಕರ ಪಟ್ಟಿಯನ್ನು ಮುಖ್ಯಸ್ಥರು ಸೋಮವಾರ ಮಧ್ಯಾಹ್ನದೊಳಗೆ ಕಳಿಸಬೇಕು. ಪಟ್ಟಿಯಲ್ಲಿ ಇಲ್ಲದವರ ಸೇವೆ ಅಗತ್ಯವಿಲ್ಲ ಎಂದು ತಿಳಿಯಲಾಗುವುದು.

ಇಷ್ಟಾದರೆ ನನಗೇನು, ಮೊದಲನೇ ಸಾಲಿನಲ್ಲೇ ನಿನ್ನ ಹೆಸರು ಬರೆಯುತ್ತಿದ್ದೆ. ಹೋದ ವರ್ಷ ಇದೇ ಸಹಿಗಾಗಿ ಗೋಪಿನಾಥ ಸಾರ್ ನಿನ್ನನ್ನು ಬೆಳಗಿನಿಂದ ಮಧ್ಯಾಹ್ನದ ತನಕ ಬಾಗಿಲಲ್ಲಿ ನಿಲ್ಲಿಸಿದ್ದರು. ನೀನು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೂತು "ನನ್ನ ಕೈಯಾಗ ಕಲ್ತ ಹುಡುಗ್ರು ಹಾದುಹೋಗೋ ಮುಂದ ಹಂಗ ನಿಂತಿದ್ದೆ" ಎಂದಿದ್ದೆ. "ವರ್ಷಕ್ಕೊಮ್ಮೆ ಅಲ್ಲೇನು, ಬಿಡು" ಎಂದು ನಾನು ಸಮಾಧಾನ ಮಾಡಿದ್ದೆ. ಈ ಸಲ ಅದೊಂದು ತಾಪತ್ರಯವೇ ಇಲ್ಲ ಎಂದುಕೊಂಡಿದ್ದೆ. ಆದರೆ ಎರಡನೇ ಪುಟ ನೋಡಿದವನೇ ಬೆವೆತುಬಿಟ್ಟೆ. ಪಟ್ಟಿಯಲ್ಲಿರುವ ಯಾರೂ ತಮ್ಮ ಸಂಬಂಧಿಕರಲ್ಲ ಎಂದು ಮುಖ್ಯಸ್ಥರು ದೃಢೀಕರಿಸಬೇಕಂತೆ. ಸಹಿ ಹಾಕಿದರೆ ಕಟ್ಟಿಕೊಂಡ ಹೆಂಡತಿಯನ್ನೇ ಯಾರೋ ಎಂದು ಬರೆದುಕೊಟ್ಟಂತೆ, ಹಾಕದಿದ್ದರೆ ಇಷ್ಟು ವರ್ಷ ಪಾಠ ಹೇಳಿದ ನಿನ್ನ ಕೆಲಸ ಹೋದಂತೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ. ಈಗ ಹೇಳು, ಈ ಪಟ್ಟಿ ಬರುವ ವಾರದಲ್ಲೇ, ಆ ಮಹಾನುಭಾವರು ರಜೆ ಹಾಕಿ, ಹೆಂಡತಿ ಗುತ್ತಿಗೆಯಲ್ಲಿರುವ ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದ್ದು ಕಾಕತಾಳೀಯವೇ?

ಅವರ ಅನಾರೋಗ್ಯ ನಿಜವೋ ನಾಟಕವೋ ನೋಡಿಬಿಡೋಣವೆಂದು ಗುರುವಾರ ಮೋಸಂಬಿ ಹಿಡಿದು ಆಸ್ಪತ್ರೆಗೇ ಹೋದೆ. ನಿಜವೇ. ಪಿತ್ತಕೋಶದ ಕಲ್ಲು ತೆಗೆದಿದ್ದಾರೆ, ಮೂಗಿನಲ್ಲಿ ನಳಿಗೆ, ಮುಖ ಅರ್ಧ ಆಗಿದೆ. ಆದರೂ ಕಣ್ಣು ಬಿಟ್ಟವರೇ "ಏಮಯ್ಯಾ, ಲಿಸ್ಟು ಪಂಪಿಂಚಾವಾ?" ಎಂದು ಪಟ್ಟಿ ಕಳಿಸಿದೆಯಾ ಎಂದೇ ಕೇಳಿದರು. ನಾನು ನನ್ನ ಫಜೀತಿ ಹೇಳಿದೆ. ದಾರಿಯನ್ನೂ ಅವರೇ ತೋರಿಸಿದರು. ನಾನೂ ರಜೆ ಹಾಕಬೇಕು, ಪ್ರಭಾರವನ್ನು ಹಿರಿತನದಲ್ಲಿ ಮುಂದಿನವನಿಗೆ ಬಿಟ್ಟುಕೊಡಬೇಕು, ಅವನು ಪಟ್ಟಿಗೆ ಸಹಿ ಹಾಕಬೇಕು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮೋಸಂಬಿ ಸುಲಿದುಕೊಟ್ಟು ಬಂದೆ, ಪಾಪ.

ಆದರೆ ಆ ಮುಂದಿನವನೇ ಪ್ರಾಣೇಶ. ಸಮಸ್ಯೆ ಇರುವುದೇ ಅಲ್ಲಿ. ಈ ವಾರವೆಲ್ಲ ಅವನ ನಡವಳಿಕೆ ನೋಡಬೇಕಿತ್ತು ನೀನು. ನನ್ನನ್ನು ಕಂಡಾಗಲೆಲ್ಲ "ರಶ್ಮಿ ಮೇಡಂ ಯಾವಾಗ ಬರ್ತಾರ್ರಿ?" ಎಂದು ಕೇಳುತ್ತಾನೆ. ನೀನು ಬಂದರೆ ಅವನಿಗೇನು, ಬರದಿದ್ದರೆ ಅವನಿಗೇನು? ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದಿಲ್ಲ. ನಿನ್ನೆ ನಾನು ವರಾಂಡದ ತಿರುವಿನಲ್ಲಿ ಬರುತ್ತಿದ್ದೆ, ಅವನು ಗೋಡೆಯ ಕಡೆ ಮುಖ ಮಾಡಿ ಫೋನಿನಲ್ಲಿ "ಅವಸರ ಮಾಡಬ್ಯಾಡ್ರಿ ಮೇಡಂ, ಸೋಮವಾರ ಮಧ್ಯಾಹ್ನದ ಮಟ ಟೈಮ್ ಐತಿ, ಸರ್‌ಗೆ ನಾ ಏನೂ ಹೇಳೂದಿಲ್ಲ" ಎನ್ನುತ್ತಿದ್ದ. ನನ್ನ ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಫೋನು ಜೇಬಿಗೆ, ಕಣ್ಣು ಲೋಳೆಸರದ ಕುಂಡದ ಮೇಲೆ. ಜನ್ಮದಲ್ಲಿ ಲೋಳೆಸರ ನೋಡದವನ ಹಾಗೆ, ಸಸ್ಯಶಾಸ್ತ್ರದ ಮೇಷ್ಟ್ರು! ಅರ್ಥವಾಯಿತಲ್ಲ? ನಿನ್ನ ಜಾಗಕ್ಕೆ ಯಾರೋ ಮೇಡಂ ಒಬ್ಬಳನ್ನು ತಯಾರು ಮಾಡಿ ಇಟ್ಟಿದ್ದಾನೆ. ಪ್ರಭಾರ ಕೈಗೆ ಬಂದ ಕೂಡಲೇ ನಿನ್ನ ಹೆಸರು ತೆಗೆದು ಅವಳದನ್ನು ಹಾಕುತ್ತಾನೆ. ನಮ್ಮ ಮನೆಯಲ್ಲಿ ನಿನ್ನ ಕೈಯ ಎಣ್ಣೆಗಾಯಿ ಪಲ್ಯ ಎರಡೆರಡು ಸಲ ಹಾಕಿಸಿಕೊಂಡು ತಿಂದವನು. ನನಗೆ ಎಷ್ಟು ಸಿಟ್ಟು ಬಂದಿದೆಯೆಂದರೆ ಹೇಳಲಾರೆ.

ಆದರೆ ನಿಯಮದ ಪ್ರಕಾರ ಬೇರೆ ದಾರಿಯಿಲ್ಲ. ರಾತ್ರಿಯೆಲ್ಲ ಹೊರಳಾಡಿ, ಇವತ್ತು ಮಧ್ಯಾಹ್ನ ರಜೆ ಅರ್ಜಿ ಕೊಟ್ಟು ಪ್ರಭಾರವನ್ನು ಅವನಿಗೇ ಒಪ್ಪಿಸಿದೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆನೋ ಏನೋ. ಬೀಗದಕೈ ಕೊಡುವಾಗ "ಪಟ್ಟಿಯೊಳಗ ನ್ಯಾಯ ನೋಡಪಾ" ಎಂದಷ್ಟೇ ಅಂದೆ. ಅವನು ತಲೆ ತಗ್ಗಿಸಿ "ಸಂಜೀಕ ಮನೀಗೆ ಬರ್ತೀನ್ರಿ, ಒಂದು ಮಾತ ಐತಿ" ಎಂದ. ಬರಲಿ, ನಾನೂ ಬಿಡುವುದಿಲ್ಲ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಮಾವನವರನ್ನು ನೋಡಿಕೋ. ಅಂಥ ಮೇಡಂ ಯಾರಿರಬಹುದೆಂದು ನಿನಗೇನಾದರೂ ಸುಳಿವಿದ್ದರೆ ಮಗಳ ಫೋನಿಗೆ ತಿಳಿಸು, ನನ್ನದಕ್ಕೆ ಬೇಡ. ಮಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಶರಣಬಸಪ್ಪ ದೇವರು ಮಾವನವರ ಕಾಲು ಬೇಗ ನೆಲಕ್ಕೂರುವಂತೆ ಮಾಡಲಿ. ಸೌಂದರ್ಯಾ ಅಜ್ಜನ ಪ್ಲಾಸ್ಟರ್ ಮೇಲೆ ಹೆಸರು ಬರೆಯಲು ತನಗೂ ಜಾಗ ಬಿಡಬೇಕೆಂದು ಹೇಳಿದ್ದಾಳೆ.

ನಿನ್ನ ದಾರಿ ಕಾಯುವ,
ಮಹೇಶಕುಮಾರ

ತಾ.ಕ.: ಗುರುಬಸವ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಾನೆ, ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಪ್ರಾಣೇಶ ಬಂದಿದ್ದ. ಒಳಗೆ ಬರಲಿಲ್ಲ, ಕೆಳಗೆ ಗೇಟಿನ ಹತ್ತಿರ ಕರೆದು ಹೇಳಿದ. ಆ ಮೇಡಂ ನೀನಂತೆ. ಈ ಸಲದ ಪಟ್ಟಿಯಲ್ಲಿ ನಿನ್ನ ಹೆಸರು ಸೇರಿಸಬೇಡ ಎಂದು, ಪ್ರತಿ ವರ್ಷ ಪಟ್ಟಿಯ ಕರಡು ತಯಾರಿಸುವ ಅವನಿಗೆ ಮಂಗಳವಾರವೇ ಫೋನ್ ಮಾಡಿದ್ದೆಯಂತೆ, ನನಗೆ ಹೇಳಬಾರದೆಂದು ಆಣೆ ಹಾಕಿಸಿದ್ದೆಯಂತೆ. "ಬ್ಯಾರೆ ಯಾರ ಬಾಗಲದಾಗ ಬೇಕಾದ್ರೂ ನಿಂತೇನಿ, ಅವರ ಬಾಗಲದಾಗ ಮಾತ್ರ ನಿಂದ್ರೂದಿಲ್ಲ" ಎಂದೆಯಂತೆ. ಅವನು ವಾರವಿಡೀ ನಿನ್ನನ್ನು ಒಪ್ಪಿಸಲು ಒದ್ದಾಡಿದ್ದಾನೆ, ನಾನು ಅವನನ್ನು ಕಳ್ಳನೆಂದುಕೊಂಡೆ. ದೀಪದ ಬುಡಕ್ಕೇ ಕತ್ತಲೆ. ಸಿಗ್ನಲ್ಲು ಸರಿಯಾಗಿಯೇ ಇತ್ತು, ಅಲ್ಲವೇ? ನಾಚಿಕೆಯಾಗುತ್ತಿದೆ ರಶ್ಮಿ. ಕೆಲಸ ಬೇಕೋ ಬೇಡವೋ ನನಗೆ ಹೇಳಬೇಡ, ಪ್ರಾಣೇಶನಿಗೆ ಹೇಳು, ಈಗ ಸಹಿ ಹಾಕುವವನು ಅವನು. ನಿನ್ನ ಹೆಸರು ಬರೆದೇ ಇಟ್ಟಿದ್ದಾನೆ, ಸೋಮವಾರ ಮಧ್ಯಾಹ್ನದ ತನಕ ನೀನು ಬೇಡವೆಂದರೆ ಮಾತ್ರ ತೆಗೆಯುತ್ತಾನೆ. ನಾನು ನಾಳೆ ಬೆಳಗಿನ ರೈಲಿಗೆ ಮಗಳನ್ನು ಕರೆದುಕೊಂಡು ಬರುತ್ತಿದ್ದೇನೆ. ಅವಳನ್ನು ಒಳಗೆ ಕರೆದುಕೋ. ನಾನು ಬಾಗಿಲಲ್ಲಿ ನಿಂತಿರುತ್ತೇನೆ, ನಿನಗೆ ಪುರಸೊತ್ತಾದಾಗ ಕರಿ.