ನೋಡಿ ಬರೆದದ್ದು

ಪುಣೆ, ರವಿವಾರ ಪೇಠ
11 ಫೆಬ್ರುವರಿ 1945

ಪ್ರೀತಿಯ ಅಕ್ಕ ಕಾಶವ್ವನಿಗೆ ತಂಗಿ ಅಂಬಾಳ ನಮಸ್ಕಾರ.

ನೀನು ಈ ಮನೆ ಬಿಟ್ಟು ಜಮಖಂಡಿಗೆ, ಕಾಡಪ್ಪಣ್ಣನ ಹತ್ತಿರ ಹೋಗಿ ಎರಡು ತಿಂಗಳ ಮೇಲಾಯಿತು. ನಾನು ಒಂದು ಸಾಲೂ ಬರೆಯಲಿಲ್ಲ. ‘ಆಕಿಗೆ ಎಂ.ಎ. ಪರೀಕ್ಷಾದ ಓದು ಅದ’ ಎಂದು ನೀನೇ ನನ್ನ ಪರವಾಗಿ ಅಣ್ಣನಿಗೆ ಹೇಳಿರುತ್ತೀ. ಈಗ ಬರೆಯಲು ಕಾರಣವಿದೆ. ನನ್ನದೊಂದು ಕಥೆ ಮುಂದಿನ ತಿಂಗಳ ಮಾಸಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಅಣ್ಣ ಅದನ್ನು ತರಿಸುತ್ತಾನೆ. ತಂಗಿಯ ಹೆಸರು ಕಂಡು ಹಿಗ್ಗಿ, ಓಣಿಯ ನಾಲ್ಕು ಜನರನ್ನು ಕರೆದು, ನಿನ್ನನ್ನು ಎದುರಿಗೆ ಕೂಡಿಸಿಕೊಂಡು ಗಟ್ಟಿಯಾಗಿ ಓದುತ್ತಾನೆ. ಅದಕ್ಕೆ ಮೊದಲು ನೀನು ಈ ಪತ್ರವನ್ನು ಒಬ್ಬಳೇ ಓದಬೇಕು.

ನನ್ನ ಶನಿವಾರದ ವರ್ಗ ನಿನಗೆ ಗೊತ್ತು. ಕಥೆ ಬರೆಯುವುದು ಎಂ.ಎ.ದ ಪಠ್ಯದಲ್ಲಿ ಇಲ್ಲ. ಸದಾನಂದ ಮಾಸ್ತರರು ತಾವಾಗಿ ನಮ್ಮ ಐದು ಜನರನ್ನು ಕೂಡಿಸಿ, ಬರೆಸಿ, ಓದಿಸಿ, ತಿದ್ದುತ್ತಾರೆ. ವರ್ಗಕ್ಕೆ ಒಯ್ಯುವ ಮೊದಲು ನನ್ನ ಪ್ರತಿಯೊಂದು ಕಥೆಯನ್ನೂ ನೀನು ಅಕ್ಕಿ ಆರಿಸುತ್ತ ಕೇಳುತ್ತಿದ್ದೆ. ‘ಚಲೋ ಅದ. ಆದ್ರ ಆ ಹೆಣ್ಮಗಳು ಅಷ್ಟ್ಯಾಕ ಮಾತಾಡ್ತಾಳ?’ ಎನ್ನುತ್ತಿದ್ದೆ. ನಾಲ್ಕನೇ ಇಯತ್ತೆ ಕಲಿತ ನಿನ್ನ ಮಾತು ನಿಜವಿರುತ್ತಿತ್ತು, ಅದು ನನಗೆ ಸಿಟ್ಟು ತರಿಸುತ್ತಿತ್ತು. ಎಲ್ಲರೂ ನನ್ನ ಲಗ್ನ ಮಾಡಿರೆಂದಾಗ ಭಾವನ ಕೂಡ ಜಗಳಾಡಿ ನನ್ನನ್ನು ಕಾಲೇಜಿಗೆ ಹಚ್ಚಿದವಳೂ ನೀನೇ.

ಹೋದ ಜುಲೈಯಲ್ಲಿ ನಾನು ಬರೆದ ಒಂದು ಕಥೆಯನ್ನು ವರ್ಗದಲ್ಲಿ ಓದಿದೆ. ಗಂಡ ಎರಡನೆಯ ಮದುವೆ ಮಾಡಿಕೊಂಡ ಸುದ್ದಿ ಕೇಳಿ ಹೆಂಡತಿ ಬಾವಿಗೆ ಹಾರುತ್ತಾಳೆ. ಮಾಸ್ತರರು ಹಾಳೆಗಳನ್ನು ಎರಡೇ ಬೆರಳಲ್ಲಿ ಹಿಡಿದು, ‘ಇದು ನಾಟಕ ಕಂಪನಿಯ ಬಾವಿ, ಇದರಲ್ಲಿ ನೀರೇ ಇಲ್ಲ’ ಎಂದರು. ಎಲ್ಲರೂ ನಕ್ಕರು. ‘ಇಂಥ ಹೆಂಗಸನ್ನು ನೀವು ಕಂಡಿದ್ದೀರಾ ಅಂಬಾಬಾಯಿ? ಇಲ್ಲವಲ್ಲ? ಕಣ್ಣು ತೆರೆದು ನೋಡುವ ಧೈರ್ಯ ಇಲ್ಲದವರು ಶಾಲೆಯಲ್ಲಿ ಮಗ್ಗಿ ಹೇಳಿಕೊಡಲಿ’ ಎಂದರು. ಮನೆಗೆ ಬಂದು ತಲೆನೋವೆಂದು ನಿನಗೆ ಹೇಳಿದೆ. ನೀನು ಶುಂಠಿ ಅರೆದು ಹಚ್ಚಿದೆ.

ಈಗ ಹೇಳುತ್ತೇನೆ. ಭಾವ ರುದ್ರವ್ವನನ್ನು ಎರಡನೆಯ ಮದುವೆ ಮಾಡಿಕೊಳ್ಳುವ ಸುದ್ದಿ ನನಗೆ ಶ್ರಾವಣದಲ್ಲಿಯೇ ಗೊತ್ತಿತ್ತು. ಭಾವ ತಾವೇ ಹೇಳಿದ್ದರು. ಹನ್ನೆರಡು ವರ್ಷವಾದರೂ ನಿನಗೆ ಮಕ್ಕಳಾಗಲಿಲ್ಲ. ಖಡಕಿಯ ಮದ್ದುಗುಂಡಿನ ಕಾರಖಾನೆಯಲ್ಲಿ ಕಾರಕೂನನಾಗಿರುವ ಸಿದ್ರಾಮಪ್ಪ ತನ್ನ ತಂಗಿಯ ಮಗಳಾದ ಅವಳನ್ನು ಕೊಡುತ್ತೇನೆಂದು ಬಂದಿದ್ದನು. ಶ್ರಾವಣದಿಂದ ಮಾರ್ಗಶಿರದ ವರೆಗೆ ದಿನಾಲು ನಿನ್ನ ಕೈಯ ರೊಟ್ಟಿ ತಿಂದೆ, ನಿನ್ನ ಮುಖ ನೋಡಿದೆ. ಹೇಳಲಿಲ್ಲ.

ಆ ದಿನ ಮುಂಜಾನೆ ಭಾವ ಸೊಲ್ಲಾಪುರಕ್ಕೆ ಅಂಗಡಿಯ ಅರಿವೆ ತರಲು ಹೋಗುತ್ತೇನೆಂದರು. ನೀನು ಅವರ ಕೋಟು ಝಾಡಿಸಿ, ಬುತ್ತಿ ಕಟ್ಟಿ ಕೈಗೆ ಕೊಟ್ಟೆ. ಅವರು ಹೊಸ್ತಿಲಲ್ಲಿ ನಿನ್ನನ್ನು ಬಹಳ ಹೊತ್ತು ನೋಡಿದರು. ಅವರು ಹೋದ ಮೇಲೆ ನಾನು, ನನ್ನ ಜೊತೆ ಓದುವ ಹುಡುಗಿಯ ತಂಗಿಯ ಲಗ್ನ ಖಡಕಿಯಲ್ಲಿದೆ, ಒಬ್ಬಳೇ ಹೋಗಲಾರೆ, ನೀನೂ ಬಾ ಎಂದೆ. ನೀನು ಹಸಿರು ಇಳಕಲ್ ಸೀರೆ ಉಟ್ಟೆ. ಕಾಣದ ಹುಡುಗಿಯಾದರೂ ಮದುಮಗಳಲ್ಲವೇ ಎಂದು ಪೆಟ್ಟಿಗೆಯಿಂದ ಉಡಿಗೆ ಹಾಕಲು ಕುಬಸದ ಖಣ ತೆಗೆದುಕೊಂಡೆ.

ಚಪ್ಪರದೊಳಗೆ ನಾವು ಕಾಲಿಟ್ಟಾಗ ಅಕ್ಕಿಕಾಳು ಬಿದ್ದು ಲಗ್ನ ಮುಗಿದಿತ್ತು. ಬಾಸಿಂಗ ಕಟ್ಟಿದ ಭಾವನನ್ನು ನಾನು ನೋಡಲಿಲ್ಲ ಅಕ್ಕಾ, ನಿನ್ನನ್ನು ನೋಡುತ್ತಿದ್ದೆ. ನಿನ್ನ ಬಲಗೈ ಕುತ್ತಿಗೆಗೆ ಹೋಗಿ ಲಿಂಗವನ್ನು ಹಿಡಿದುಕೊಂಡಿತು. ಆಮೇಲೆ ನೀನು ನೇರ ನಡೆದು ಹೋಗಿ ರುದ್ರವ್ವನ ಉಡಿಯಲ್ಲಿ ಖಣ ಹಾಕಿದೆ. ಹದಿನಾರರ ಆ ಹುಡುಗಿಗೆ ನೀನು ಯಾರೆಂದು ತಿಳಿಯದು. ‘ಮುಂಜಾನಿಂದ ಏನರ ತಿಂದೀ ಏನವ್ವಾ?’ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಒಳಗಿನವರಿಗೆ ಹೇಳಿ ಅವಳಿಗೆ ಹಾಲು ತರಿಸಿದೆ. ಭಾವ ನೆಲ ನೋಡುತ್ತ ಕೂತಿದ್ದರು.

ಬಳಿಕ ನೀನು ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡೆ. ಬಡಿಸಿದ್ದನ್ನೆಲ್ಲ ಉಂಡೆ, ಹುಗ್ಗಿಯನ್ನು ಕೇಳಿ ಹಾಕಿಸಿಕೊಂಡೆ, ಬಡಿಸುವವಳು ನಿಂತು ನೋಡುವಷ್ಟು ಉಂಡೆ. ಪಕ್ಕದ ಮುದುಕಿ ‘ಪಾಪ, ಎಷ್ಟು ಹಸದಿತ್ತೋ’ ಎಂದಳು. ಬಾವಿಗೆ ಹಾರುವುದನ್ನು ನಾನು ಊಹಿಸಿದ್ದೆ. ಇದನ್ನು ಏಳು ಜನ್ಮದಲ್ಲೂ ಊಹಿಸುತ್ತಿರಲಿಲ್ಲ. ನಾನು ನನ್ನ ಎಲೆ ಬಿಟ್ಟು ನಿನ್ನ ತುತ್ತುಗಳನ್ನು ಎಣಿಸುತ್ತಿದ್ದೆ, ಮತ್ತು, ಅಕ್ಕಾ, ಅದು ಬರೀ ದುಃಖದಿಂದಲ್ಲ.

ಟಾಂಗಾದಲ್ಲಿ ಹೊಳೆಯ ಸೇತುವೆ ದಾಟುವಾಗ ನೀನು ಒಂದೇ ಮಾತು ಕೇಳಿದೆ: ‘ನಿನಗ ಗೊತ್ತಿತ್ತೇನು?’

‘ಇಲ್ಲಕ್ಕಾ’ ಎಂದೆ, ಎಂದು ಅತ್ತೆ.

ನೀನು ಸೆರಗಿನಿಂದ ನನ್ನ ಮುಖ ಒರಸಿದೆ. ‘ಅಳಬ್ಯಾಡ. ನನ್ನ ಕರಕೊಂಡು ಬಂದು ತಪ್ಪು ಮಾಡಿದೆ ಅಂತ ಮನಸಿಗೆ ಹಚಗೋಬ್ಯಾಡ. ನಿನ್ನ ಪರೀಕ್ಷಾ ಹತ್ರ ಬಂದದ’ ಎಂದೆ. ಮೂರನೆಯ ದಿನ ಜಮಖಂಡಿಗೆ ಹೋದೆ.

ನೀನು ಊರಿಗೆ ಹೋದ ವಾರದಲ್ಲೇ ನಾನು ಕಥೆ ಬರೆದು ಮುಗಿಸಿದೆ. ಹೆಸರು ಬದಲಿಸಿದ್ದೇನೆ, ಊರು ಬದಲಿಸಿದ್ದೇನೆ. ಖಣ, ಹಾಲು, ಹುಗ್ಗಿ ಹಾಗೆಯೇ ಇವೆ. ಟಾಂಗಾದಲ್ಲಿ ಆಡಿದ ಮಾತೂ ಇದೆ. ವರ್ಗದಲ್ಲಿ ಅದನ್ನು ಓದಿದೆ. ಮಾಸ್ತರರು ಕನ್ನಡಕ ತೆಗೆದು, ‘ಇದನ್ನು ನೋಡಿ ಬರೆದಿದ್ದೀರಿ’ ಎಂದರು. ಅವರ ಬಾಯಿಂದ ಅಷ್ಟು ದೊಡ್ಡ ಮಾತನ್ನು ನಮ್ಮಲ್ಲಿ ಯಾರೂ ಪಡೆದಿರಲಿಲ್ಲ. ಹರಿಣಾಕ್ಷಿ ಎಂಬ ಮಂಗಳೂರಿನ ಹುಡುಗಿ ಅಳುತ್ತ, ‘ಆ ಅಕ್ಕ ಈಗ ಎಲ್ಲಿದ್ದಾರೆ?’ ಎಂದು ಕೇಳಿದಳು. ಎಲ್ಲಿಯೂ ಇಲ್ಲ, ಕಲ್ಪನೆ ಎಂದೆ.

ಇಷ್ಟಕ್ಕೆ ಸಹಿ ಹಾಕಬೇಕೆಂದಿದ್ದೆ. ಆದರೆ ನಿನ್ನೆ ಭಾವ ಊಟಕ್ಕೆ ಕೂತಾಗ ನನ್ನನ್ನು ಕೇಳಿದರು: ‘ಮುರುಗೆಪ್ಪ ಮೋಸಗಾರ ಅಂತ ಪ್ಯಾಟಿ ಮಂದಿ ನನಗ ಅಂತಾರ, ಅನ್ಲಿ. ಆಕಿ ಯಾಕ ಹೋದ್ಲು? ಒಪ್ಪಿದ್ಲಲ್ಲ? ನನ್ನ ಪತ್ರಾ ಒಡೀದ ತಿರುಗಿ ಕಳಸ್ಯಾಳ.’ ರುದ್ರವ್ವ ರೊಟ್ಟಿ ಹಿಡಿದು ನಿಂತಿದ್ದಳು. ನಾನು ಕೈ ತೊಳೆದು ಎದ್ದೆ.

ಮೇಲೆ ಅರ್ಧವನ್ನೇ ಬರೆದಿದ್ದೇನೆ. ಶ್ರಾವಣದಲ್ಲಿ ಭಾವ ನನ್ನನ್ನು ಕೆಳಗೆ ತಮ್ಮ ಅಂಗಡಿಗೆ ಕರೆದದ್ದು ಸುದ್ದಿ ಹೇಳುವುದಕ್ಕಲ್ಲ. ‘ನಿಮ್ಮಕ್ಕ ಒಲ್ಲೆ ಅಂದ್ರ ಸಿದ್ರಾಮಪ್ಪಗ ಇವತ್ತ ಬ್ಯಾಡ ಅಂತ ಹೇಳಿ ಕಳಸ್ತೀನಿ. ಆಕಿ ಮುಂದ ನಿಂತು ಕೇಳೂ ಧೈರ್ಯ ನನಗಿಲ್ಲ. ನೀ ಕೇಳಿ ಬಾ’ ಎಂದರು. ನಾನು ಮೇಲೆ ಬಂದೆ. ನೀನು ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ರುಚಿ ನೋಡೆಂದು ನನ್ನ ಅಂಗೈಗೆ ಹಾಕಿದೆ. ನಾನು ನೆಕ್ಕಿದೆ, ಉಪ್ಪು ಕಡಿಮೆ ಎಂದೆ, ಬೇರೇನೂ ಕೇಳದೆ ಕೆಳಗಿಳಿದು ಹೋದೆ.

‘ಅಕ್ಕ ಒಪ್ಪ್ಯಾಳ್ರಿ. ಮಾಡೂದಿದ್ರ ಮಾಡ್ರಿ, ಆದ್ರ ಆ ಮಾತು ನನ್ನ ಮುಂದ ಎಂದೂ ಎತ್ತಬ್ಯಾಡ್ರಿ ಅಂದಾಳ’ ಎಂದೆ. ಭಾವ ಗಾದಿಯ ಮೇಲೆ ಕೂತು ಸಣ್ಣ ಹುಡುಗನಂತೆ ಅತ್ತರು. ‘ಆಕಿ ದೇವರು’ ಎಂದರು. ನಾನು ಕಟ್ಟಿದ ಮಾತನ್ನು ಒಬ್ಬ ಮನುಷ್ಯ ಪೂರ್ತಿ ನಂಬಿದ್ದು ಅದೇ ಮೊದಲು. ಆಮೇಲೆ ನಾಲ್ಕು ತಿಂಗಳು ಅವರು ನಿನ್ನ ಮೌನವನ್ನು ಒಪ್ಪಿಗೆ ಎಂದುಕೊಂಡರು. ಮದುವೆಯ ದಿನ ನೀನು ಕಟ್ಟಿದ ಬುತ್ತಿಯನ್ನೂ ಹಾಗೆಯೇ ತಿಳಿದಿರಬೇಕು.

ಅವರಿಗೆ ನಾನು ಇನ್ನೂ ಹೇಳಿಲ್ಲ. ಹೇಳಿದರೆ ಈ ಮನೆಯಲ್ಲಿ ನಾನಿರಲಾಗದು, ಪರೀಕ್ಷೆ ಎದುರಿಗಿದೆ. ನೀನು ಬರೆದು ತಿಳಿಸಿದರೆ ತಡೆಯಲಾರೆ. ಆದರೆ ನೀನು ಬರೆಯುವುದಿಲ್ಲ. ನಿನ್ನನ್ನು ನನ್ನಷ್ಟು ಗಮನವಿಟ್ಟು ನೋಡಿದವರು ಬೇರೆ ಯಾರೂ ಇಲ್ಲ.

ನಿನ್ನ ಕೋಣೆಯಲ್ಲಿಯೇ ಕೂತು ಬರೆಯುತ್ತಿರುವ,
ನಿನ್ನ ತಂಗಿ
ಅಂಬಾ

ತಾ.ಕ.: ಈ ಕಥೆಯನ್ನು ಕಾದಂಬರಿಯಾಗಿ ಬೆಳೆಸೆಂದು ಮಾಸ್ತರರು ಹೇಳಿದ್ದಾರೆ. ಹೆಂಗಸು ತವರಿಗೆ ಮರಳಿದ ಮುಂದಿನ ಭಾಗ ನಾನು ನೋಡಿಲ್ಲ, ನೋಡದ್ದನ್ನು ಬರೆದರೆ ಅವರಿಗೆ ಕೂಡಲೇ ತಿಳಿಯುತ್ತದೆ. ಬಾಗಿಲಲ್ಲಿ ನಿನ್ನನ್ನು ಕಂಡಾಗ ಅತ್ತಿಗೆ ಮೊದಲು ಏನೆಂದಳು? ನಿನಗೆ ಎಲ್ಲಿ ಹಾಸಿಕೊಟ್ಟಿದ್ದಾರೆ? ಇದ್ದದ್ದು ಇದ್ದಂತೆ ಬರೆ, ಬೈಗಳಿದ್ದರೂ ತಿದ್ದಬೇಡ. ನನ್ನ ವಿಳಾಸದ ಕಾರ್ಡು ಒಳಗಿದೆ. ಈ ಪತ್ರ ಓದಿ ಮುಗಿಸಿದ ಕೂಡಲೇ ನೀನು ಮೊದಲು ಏನು ಮಾಡಿದೆ, ಅದನ್ನಂತೂ ಮರೆಯುವ ಮುಂಚೆ ಬರೆದು ಹಾಕು.